ಮೊದಲಿಂದ ಮೇಷ್ಟ್ರು

ನನ್ನ ಭಾವನಿಗೆ ಆ ಹೆಸರಿಟ್ಟವರು ಅವರ ವಿದ್ಯಾರ್ಥಿಗಳು. ಅದನ್ನು ಮನೆಯೊಳಗೆ ತಂದವನು ನಾನು. ನಾನು ದರ್ಜಿ. ಭಾವ ಪಾಠ ಮಾಡುತ್ತಿದ್ದ ಕಂಪ್ಯೂಟರ್ ಸಂಸ್ಥೆಯ ಹಿಂದಿನ ಗೇಟಿನ ಎದುರಿಗೇ ನನ್ನ ಅಂಗಡಿ. ಒಂದು ದಿನ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದವನೊಬ್ಬ, "ನೀವು ಮೊದಲಿಂದ ಮೇಷ್ಟ್ರ ಭಾವಮೈದುನ ಅಲ್ವಾ?" ಎಂದು ಕೇಳಿದ. ಅವನ ಪ್ಯಾಂಟನ್ನು ಪುಕ್ಕಟೆ ಹೊಲಿದುಕೊಟ್ಟೆ. ಭಾವನನ್ನು ಚುಚ್ಚಲು ಅಂಥದ್ದೊಂದು ಕೈಗೆ ಸಿಗಲಿ ಎಂದು ನಾನು ಅಕ್ಕನ ಮದುವೆಯ ದಿನದಿಂದಲೂ ಕಾದಿದ್ದೆ.

ಹೆಸರು ಬಂದದ್ದು ಹೀಗೆ. ಭಾವ ಇಪ್ಪತ್ತಾರು ವರ್ಷ ಹೇಳಿಕೊಟ್ಟದ್ದು ಪಟ್ಟಿಗಳ ಪಾಠ. ಕಂಪ್ಯೂಟರಿನೊಳಗೆ ನೂರು ಹೆಸರೋ ಸಾವಿರ ಅಂಕಿಯೋ ಇಡಬೇಕಾದರೆ ಎರಡು ರೀತಿಯಲ್ಲಿ ಇಡಬಹುದು. ಒಂದೇ ಅಳತೆಯ ಖಾನೆಗಳನ್ನು ಸಾಲಾಗಿ ಮಾಡಿ ನಂಬರು ಹಾಕಿಬಿಡುವುದು ಒಂದು ರೀತಿ. ಎಪ್ಪತ್ತನೆಯದು ಬೇಕೆಂದರೆ ನೇರವಾಗಿ ಎಪ್ಪತ್ತಕ್ಕೇ ಕೈ ಹಾಕಬಹುದು. ಇನ್ನೊಂದರಲ್ಲಿ ಖಾನೆಗಳು ಎಲ್ಲೆಲ್ಲೋ ಚದುರಿಕೊಂಡಿರುತ್ತವೆ, ಪ್ರತಿ ಖಾನೆಯೊಳಗೂ ಮುಂದಿನ ಖಾನೆಯ ವಿಳಾಸ ಬರೆದ ಚೀಟಿ ಇರುತ್ತದೆ. ಎಪ್ಪತ್ತನೆಯದು ಬೇಕೆಂದರೆ ಮೊದಲನೆಯದರಿಂದ ಹೊರಟು, ಒಂದೊಂದೇ ಚೀಟಿ ಓದಿಕೊಂಡು, ಅರವತ್ತೊಂಬತ್ತು ಬಾಗಿಲು ತಟ್ಟಿಯೇ ಹೋಗಬೇಕು. ಇದನ್ನು ಭಾವ ಕೊಂಡಿಪಟ್ಟಿ ಎನ್ನುತ್ತಿದ್ದರು. ಹುಡುಗರು ಪ್ರತಿ ವರ್ಷವೂ ಒಂದೇ ತಪ್ಪು ಮಾಡುತ್ತಿದ್ದರಂತೆ. ಕೈಯಲ್ಲಿರುವುದು ಕೊಂಡಿಪಟ್ಟಿ ಎಂಬುದನ್ನು ಮರೆತು, ಒಂದನೆಯದು ಕೊಡು, ಎರಡನೆಯದು ಕೊಡು, ಮೂರನೆಯದು ಕೊಡು ಎಂದು ಬರೆದುಬಿಡುವುದು. ಪಾಪದ ಯಂತ್ರ ಪ್ರತಿ ಸಲವೂ ಮೊದಲ ಖಾನೆಗೆ ವಾಪಸು ಓಡಿಬಂದು ಅಲ್ಲಿಂದ ನಡೆಯಬೇಕು. ನೂರು ಖಾನೆ ನೋಡುವುದಕ್ಕೆ ಐದು ಸಾವಿರ ಹೆಜ್ಜೆ! ಅಂಥ ಉತ್ತರಪತ್ರಿಕೆ ಕಂಡರೆ ಭಾವನ ಪಿತ್ತ ನೆತ್ತಿಗೇರುತ್ತಿತ್ತು. ಕೆಂಪು ಶಾಯಿಯಲ್ಲಿ ಪುಟದ ಅಡ್ಡಕ್ಕೆ "ಮತ್ತೆ ಮೊದಲಿಂದ!" ಎಂದು ಬರೆದು ಸೊನ್ನೆ ಸುತ್ತುತ್ತಿದ್ದರು.

ಇದೆಲ್ಲ ಆಗ ನನಗೆ ತಿಳಿದಿರಲಿಲ್ಲ. ಭಾವ ಹೇಳಲು ಬಂದಾಗಲೆಲ್ಲ ನಾನು ಹೊಲಿಗೆ ಯಂತ್ರದ ಪೆಡಲನ್ನು ಜೋರಾಗಿ ತುಳಿಯುತ್ತಿದ್ದೆ. ನನ್ನ ಗುಂಡಿಗಳೆಲ್ಲ ಒಂದೇ ಡಬ್ಬದಲ್ಲಿ ಕಲಸಿಹೋಗಿರುವುದನ್ನು ಕಂಡು ಅವರಿಗೆ ಮೈ ಉರಿಯುತ್ತಿತ್ತು. ಒಂದು ಸಲ ನಲವತ್ತೆಂಟು ಖಾನೆಗಳ ಪೆಟ್ಟಿಗೆಯೊಂದನ್ನು ತಂದು, ಒಂದೊಂದಕ್ಕೂ ನಂಬರು ಅಂಟಿಸಿ, ಭಾನುವಾರವಿಡೀ ಕೂತು ಗುಂಡಿಗಳನ್ನು ವಿಂಗಡಿಸಿಕೊಟ್ಟರು. "ಇನ್ನು ಮೂವತ್ತೊಂದು ಅಂದ್ರೆ ಬಿಳಿ, ನಾಲ್ಕು ತೂತಿಂದು. ಕಣ್ಣು ಮುಚ್ಚಿ ತೆಗೀಬಹುದು ಕಣೋ" ಎಂದರು. ಒಂದೇ ವಾರದಲ್ಲಿ ನಾನು ಅದರಲ್ಲಿ ದಾರದ ತುಂಡು, ಸೂಜಿ, ಮಾತ್ರೆ, ಬಸ್ಸಿನ ಟಿಕೇಟು ಎಲ್ಲ ತುಂಬಿಸಿಟ್ಟೆ. ಅವರದೇ ತಲೆ ಮಾತ್ರ ಆ ಪೆಟ್ಟಿಗೆಯ ಹಾಗೇ ಇತ್ತು. ಯಾವ ವರ್ಷದ ಯಾವ ಹಾಜರಿ ನಂಬರು ಹೇಳಿದರೂ ಥಟ್ಟನೆ ಹುಡುಗನ ಹೆಸರು, ಅವನು ಕೂರುತ್ತಿದ್ದ ಬೆಂಚು, ಅವನು ಬಿಟ್ಟುಹೋದ ಕೊಡೆ ಎಲ್ಲ ಹೇಳುತ್ತಿದ್ದರು.

ಒಂದು ಬೆಳಗ್ಗೆ ಅವರು ಅರ್ಧ ಮುಖ ಬೋಳಿಸಿಕೊಂಡು, ಇನ್ನರ್ಧಕ್ಕೆ ಸೋಪಿನ ನೊರೆ ಹಾಗೇ ಇಟ್ಟುಕೊಂಡು ಬಚ್ಚಲಿನಿಂದ ಹೊರಗೆ ಬಂದರು. ಏನೋ ಹೇಳಲು ಬಾಯಿ ತೆರೆದರು, ಮಾತು ಬರಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಅಕ್ಕ ನಕ್ಕುಬಿಟ್ಟಳಂತೆ. ಆ ನಗು ಅವಳನ್ನು ಇವತ್ತಿಗೂ ಬಿಟ್ಟಿಲ್ಲ.

ಮಿದುಳಿನ ಎಡಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಬಲಗಾಲು ಎರಡು ತಿಂಗಳಲ್ಲಿ ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಅರ್ಧಂಬರ್ಧ. ಮಾತು ಮಾತ್ರ ಬರಲಿಲ್ಲ. ಬುದ್ಧಿಗೆ ಏನೂ ಆಗಿರಲಿಲ್ಲ, ಅದೇ ಹೊಟ್ಟೆ ಉರಿಯುವ ವಿಷಯ. ಬೀಗದಕೈ ತೋರಿಸಿದರೆ ತಿರುಗಿಸುವ ಹಾಗೆ ಕೈ ಮಾಡಿ ತೋರಿಸುತ್ತಿದ್ದರು, ಬೀಗದಕೈ ಎಂಬ ಮಾತು ಸಿಗುತ್ತಿರಲಿಲ್ಲ. ಮಾತು ಕಲಿಸಲು ಬರುತ್ತಿದ್ದ ಡಾಕ್ಟರಮ್ಮ ಒಂದು ದಿನ, "ಇವತ್ತು ಯಾವ ವಾರ ಸರ್?" ಎಂದು ಕೇಳಿದಳು. ಭಾವ ಒದ್ದಾಡಿದರು. ಆಗ ಅವಳು ತಾನೇ "ಭಾನುವಾರ..." ಎಂದು ಶುರುಮಾಡಿಕೊಟ್ಟಳು. ಭಾವನ ಬಾಯಿಂದ ಸರಾಗವಾಗಿ, "ಸೋಮವಾರ, ಮಂಗಳವಾರ, ಬುಧವಾರ, ಗುರುವಾರ" ಎಂದು ಹೊರಟು, ಗುರುವಾರಕ್ಕೆ ಸರಿಯಾಗಿ ನಿಂತಿತು. ಅವತ್ತು ಗುರುವಾರವೇ. ಅಕ್ಕ ಓಡಿಹೋಗಿ ಅವರ ಕೈ ಹಿಡಿದುಕೊಂಡಳು.

ಅಲ್ಲಿಂದ ಮನೆಯ ಮಾತೆಲ್ಲ ಹೀಗೇ ಆಯಿತು. ಫ್ಯಾನು ಎಷ್ಟಕ್ಕಿಡಬೇಕು ಎಂದರೆ ಒಂದು, ಎರಡು, ಮೂರು ಎಂದು ಬಂದು ನಿಲ್ಲುತ್ತಿದ್ದರು. ಡಿಸೆಂಬರ್ ಹೇಳಬೇಕಾದರೆ ಜನವರಿಯಿಂದ ಹೊರಡಬೇಕು. ಏಳೆಂಟು ಎಷ್ಟು ಎಂದರೆ ಏಳೊಂದ್ಲದಿಂದ. ಮಧ್ಯೆ ಯಾರಾದರೂ ಬಾಯಿ ಹಾಕಿದರೆ ಎಲ್ಲ ಕಡಿದುಹೋಗಿ ಮತ್ತೆ ಶುರುವಿನಿಂದ. ನಮ್ಮ ಮನೆತನದಲ್ಲಿ ಬಾಯಿ ಹಾಕದೆ ಇರುವವರು ಯಾರೂ ಹುಟ್ಟಿಲ್ಲ. ಅವರು ಮಂಗಳವಾರಕ್ಕೆ ಬರುವಷ್ಟರಲ್ಲಿ ಅಕ್ಕನಿಗೆ ತಡೆಯಲಾಗದೆ "ಶುಕ್ರವಾರಾನಾ?" ಎಂದುಬಿಡುತ್ತಿದ್ದಳು. ಭಾವ ಅವಳನ್ನು ದುರುಗುಟ್ಟಿ ನೋಡಿ ಮತ್ತೆ ಭಾನುವಾರಕ್ಕೆ ಹೋಗುತ್ತಿದ್ದರು. ನಾನಂತೂ ಅವಳಿಗಿಂತ ಅತ್ತತ್ತ. ಬೇರೆಯವರ ವಾಕ್ಯವನ್ನು ನಾನೇ ಮುಗಿಸಿಕೊಡುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ.

ತನಗೇನಾಗಿದೆ ಎಂಬುದನ್ನು ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡವರು ಭಾವನೇ. ಒಂದು ಸಂಜೆ ಔಷಧಿ ಚೀಟಿಯ ಹಿಂದೆ ಎಡಗೈಯಲ್ಲಿ ಅಂಟಿಕೊಂಡ ಚೌಕಗಳ ಸಾಲೊಂದನ್ನು ಬರೆದು ಅದರ ಮೇಲೆ ಕಾಟು ಹಾಕಿದರು. ಕೆಳಗೆ ಬಿಡಿ ಬಿಡಿ ಚೌಕ ಬರೆದು, ಒಂದರಿಂದ ಒಂದಕ್ಕೆ ಬಾಣದ ಗುರುತು ಎಳೆದು, ತಮ್ಮ ತಲೆಯನ್ನು ಮುಟ್ಟಿ ತೋರಿಸಿದರು.

"ಏನು ಭಾವ, ರೈಲಾ?" ಎಂದೆ.

ಸೊನ್ನೆ ತೆಗೆದುಕೊಂಡವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಅವರ ಮಗಳು ನನ್ನ ಕೈಯಿಂದ ಚೀಟಿ ಕಿತ್ತುಕೊಂಡಳು. ಹತ್ತೊಂಬತ್ತು ವರ್ಷದ ಹುಡುಗಿ, ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರು ನೋಡುವ ಕೆಲಸ ಕಲಿಯುತ್ತಿದ್ದಳು. ಹುಟ್ಟಿದಾಗ ಬೆಂಕಿಕಡ್ಡಿಯ ಹಾಗಿದ್ದಳೆಂದು ಭಾವ ಅವಳನ್ನು ಕಡ್ಡಿ ಎಂದು ಕರೆದು, ಅದೇ ಹೆಸರಾಗಿ ನಿಂತುಬಿಟ್ಟಿತ್ತು.

"ರೈಲಲ್ಲ ಮಾಮ. ಅಪ್ಪನ ತಲೆ ಮೊದಲು ಈ ಥರ ಇತ್ತು, ನಂಬರ್ ಹಾಕಿದ ಖಾನೆ. ಈಗ ಈ ಥರ ಆಗಿದೆ, ಕೊಂಡಿಪಟ್ಟಿ. ಮೊದಲಿಂದ ಹೋದ್ರೆ ಮಾತ್ರ ಸಿಗುತ್ತೆ. ಅಲ್ವಾ ಅಪ್ಪ?"

ಭಾವ ತಲೆ ಆಡಿಸಿದರು. ಆಮೇಲೆ ಅತ್ತರು. ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಅತ್ತರೋ, ತಮ್ಮದೇ ಪಾಠ ತಮ್ಮ ತಲೆಯ ಮೇಲೇ ಬಂದು ಕೂತಿತಲ್ಲ ಎಂದು ಅತ್ತರೋ ಗೊತ್ತಿಲ್ಲ. ನಾನು ಹೊರಗೆ ಹೋಗಿ ಸ್ಕೂಟರ್ ಒರೆಸಿದೆ. ಒರೆಸುವಷ್ಟು ಧೂಳೇನೂ ಅದರ ಮೇಲೆ ಇರಲಿಲ್ಲ.

ಕಡ್ಡಿ ಎಂಬ ಹೆಸರು ಮಾತ್ರ ಅವರಿಗೆ ಸಿಗಲೇ ಇಲ್ಲ. ವಾರಗಳು, ತಿಂಗಳುಗಳು, ಮಗ್ಗಿ, ಅಕ್ಷರಮಾಲೆ, ಈ ಯಾವ ಸಾಲಿನಲ್ಲೂ ಅವಳಿರಲಿಲ್ಲ. ದಿನಾ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳು ಎದುರಿಗೆ ನಿಂತು, "ನಾನ್ಯಾರು ಹೇಳಿ ನೋಡೋಣ" ಎನ್ನುತ್ತಿದ್ದಳು. ಭಾವ ಅವಳ ಕೆನ್ನೆ ಮುಟ್ಟುತ್ತಿದ್ದರು, ತುಟಿ ಅಲ್ಲಾಡಿಸುತ್ತಿದ್ದರು, ಕೊನೆಗೆ ಒಂದು, ಎರಡು ಎಂದು ಎಣಿಸತೊಡಗುತ್ತಿದ್ದರು. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಎಪ್ಪತ್ತು ಎಂಬತ್ತರವರೆಗೂ ಹೋಗುತ್ತಿದ್ದರು. ಒಂದು ತಿಂಗಳಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು.

ನಾಲ್ಕನೆಯ ತಿಂಗಳಿಗೆ ಸಂಸ್ಥೆಯಿಂದ ಕಾಗದ ಬಂತು. ಹೊಸ ತರಗತಿಗಳು ಶುರುವಾಗುವ ಮೊದಲು ಸಮಿತಿಯ ಎದುರಿಗೆ ಒಂದು ಪೂರ್ತಿ ಪಾಠ, ಐವತ್ತು ನಿಮಿಷ, ಮಾಡಿ ತೋರಿಸಬೇಕು. ಸಾಧ್ಯವಾಗದಿದ್ದರೆ ಕೆಲಸದಿಂದ ಬಿಡುಗಡೆ. ಅಕ್ಕ ಓದಿ ಮುಗಿಸಿದಾಗ ಭಾವ ಕಾಗದವನ್ನು ತಾವೇ ಕೈಗೆ ತೆಗೆದುಕೊಂಡು ತಾರೀಕಿನ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನಾಗಿ ನಮ್ಮನ್ನು ನೋಡಿದರು. ಹೊಟ್ಟೆಪಾಡಿನ ಪ್ರಶ್ನೆ ಅಲ್ಲ ಅದು. ಮನೆಯಲ್ಲಿ ಭಾವ ಮೊದಲಿನಿಂದಲೂ ಮಾತು ಕಡಿಮೆ. ಬಾಯಿ ತುಂಬ ಮಾತಾಡುತ್ತಿದ್ದದ್ದು, ನಗಿಸುತ್ತಿದ್ದದ್ದು, ಕೂಗಾಡುತ್ತಿದ್ದದ್ದು ಎಲ್ಲ ಎರಡನೇ ಮಹಡಿಯ ಆ ಕೋಣೆಯಲ್ಲಿ ಮಾತ್ರ. ಅದೂ ಹೋದರೆ ಈ ಮನುಷ್ಯನಿಗೆ ಏನು ಉಳಿಯುತ್ತದೆ ಎಂದು ನನಗೆ ಸಂಕಟವಾಯಿತು.

ದಾರಿ ಕಂಡುಹಿಡಿದವಳು ಕಡ್ಡಿ. ಭಾವ ಪ್ರತಿ ವರ್ಷವೂ ಒಂದೇ ಪಾಠವನ್ನು ಒಂದೇ ಮಾತಿನಲ್ಲಿ, ಒಂದೇ ಜೋಕಿನ ಸಮೇತ ಮಾಡುತ್ತಿದ್ದರೆಂಬುದು ಹಳೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಯಾರೋ ಒಬ್ಬಳು ಅದನ್ನು ಬಿಡದೆ ಬರೆದುಕೊಂಡಿದ್ದಳು. ನನ್ನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅದರ ಪ್ರತಿ ಇವತ್ತಿಗೂ ಸಿಗುತ್ತಿತ್ತು. ಮೇಲೆ ದಪ್ಪಕ್ಷರದಲ್ಲಿ, "ಮೊದಲಿಂದ ಮೇಷ್ಟ್ರು, ಪಾಠ ಹದಿನಾಲ್ಕು, ಉಸಿರು ಸಮೇತ." ನಿಜವಾಗಿಯೂ ಉಸಿರು ಸಮೇತ ಇತ್ತು. ಇಲ್ಲಿ ಸರ್ ಕನ್ನಡಕ ಒರೆಸುತ್ತಾರೆ, ಇಲ್ಲಿ ಎಲ್ಲರೂ ನಗಬೇಕು, ಇಲ್ಲಿ ನೀರು ಕುಡಿಯುತ್ತಾರೆ ಎಂದು ಅಂಚಿನಲ್ಲೆಲ್ಲ ಬರೆದಿತ್ತು.

ಭಾವ ಮಂಚದ ಮೇಲೆ ಕೂತಿದ್ದರು. ಕಡ್ಡಿ ಮೊದಲ ಸಾಲು ಓದಿದಳು: "ಕೂತ್ಕೊಳ್ಳಿ. ಬಾಗಿಲ ಹತ್ರ ಇರೋರು ಬಾಗಿಲು ಹಾಕಿ."

ಭಾವನ ಬೆನ್ನು ನೆಟ್ಟಗಾಯಿತು. "ಕೂತ್ಕೊಳ್ಳಿ" ಎಂದರು. "ಬಾಗಿಲ ಹತ್ರ ಇರೋರು ಬಾಗಿಲು ಹಾಕಿ. ಹೊರಗಿನ ಗಾಳಿಗೆ ನಿಮ್ಮ ತಲೇಲಿರೋ ಅಷ್ಟಿಷ್ಟೂ ಹಾರಿಹೋಗುತ್ತೆ. ಹೋದ ವಾರ ಎಲ್ಲಿಗೆ ನಿಲ್ಲಿಸಿದ್ವಿ?..." ನಾಲ್ಕು ತಿಂಗಳು ಒಂದು ಬೀಗದಕೈಗೆ ಹೆಸರು ಹೇಳಲಾಗದ ಬಾಯಿಂದ ಪಾಠ ನಲ್ಲಿ ಬಿಟ್ಟ ಹಾಗೆ ಬರತೊಡಗಿತು. ಅಕ್ಕ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದೆ. ಬಾಯಿ ಕಾಯುವ ಭರದಲ್ಲಿ ಪಾಠದ ಅರ್ಥ ಒಂದೂ ತಲೆಗೆ ಇಳಿಯಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಎಲ್ಲೂ ತಡವರಿಸಲಿಲ್ಲ. ಅರ್ಧ ಗಂಟೆ ದಾಟಿದ ಮೇಲೆ ಹೀಗೆಂದರು: "ಖಾನೆಗೆ ವಿಳಾಸ ಬೇಕು. ಮನುಷ್ಯರಿಗೆ ಬೇಡ. ನಮ್ಮನೇಲಿ ಒಬ್ಳಿದ್ದಾಳೆ. ಎಲ್ಲಿದ್ದಾಳೆ ಅಂತ ನನಗೆ ಗೊತ್ತಿರಬೇಕಾಗಿಲ್ಲ. ಇದ್ದ ಕಡೆಯಿಂದ ಒಂದು ಕೂಗು ಹಾಕಿದ್ರೆ ಸಾಕು." ಕತ್ತು ಎತ್ತಿ ಗಂಟಲು ಬಿಚ್ಚಿ ಕೂಗಿದರು: "ಕಡ್ಡೀ!"

"ಆಂ, ಅಪ್ಪಾ!" ಎಂದಳು ಕಡ್ಡಿ.

ಹತ್ತೊಂಬತ್ತು ವರ್ಷದ ಅಭ್ಯಾಸ, ಅವಳೇನು ಮಾಡಿಯಾಳು? ಭಾವ ನಿಂತುಬಿಟ್ಟರು. ಕಣ್ಣು ಅತ್ತಿತ್ತ ಹುಡುಕಿತು. ತುಟಿ ಏನನ್ನೋ ಹಿಡಿಯಲು ನೋಡಿ ಬಿಟ್ಟಿತು. ಸ್ವಲ್ಪ ಹೊತ್ತಾದ ಮೇಲೆ ಬೆನ್ನು ನೆಟ್ಟಗೆ ಮಾಡಿ, "ಕೂತ್ಕೊಳ್ಳಿ. ಬಾಗಿಲ ಹತ್ರ ಇರೋರು ಬಾಗಿಲು ಹಾಕಿ" ಎಂದರು. ಕಡ್ಡಿ ಎದ್ದು ಒಳಗೆ ಹೋಗಿ ಬಾಯಿಗೆ ಟವೆಲು ತುರುಕಿಕೊಂಡು ಅತ್ತಳು.

ಮಾರನೆಯ ದಿನದಿಂದ ಸಂಜೆ ಆರಕ್ಕೆ ದಿನಾ ಪಾಠ. ಶಾಲೆಗಳು ತೆರೆಯುವ ಕಾಲ, ಸಮವಸ್ತ್ರದ ರಾಶಿ ನನ್ನ ಕುತ್ತಿಗೆವರೆಗೆ ಬಂದಿತ್ತು. ನನಗೆ ಹೋಗಲಾಗಲಿಲ್ಲ, ಪಾಠದ ಕೊನೆಯನ್ನು ಕೇಳಲೂ ಆಗಲಿಲ್ಲ. ಪಾಠ ನಲವತ್ತಾರು ನಿಮಿಷಕ್ಕೆ ಸರಿಯಾಗಿ ಮುಗಿಯುತ್ತದೆ, ಯಾರೂ ಮಧ್ಯೆ ಬಾಯಿ ಬಿಡದಿದ್ದರೆ ಅಪ್ಪ ಗೆದ್ದ ಹಾಗೇ ಎಂದು ಕಡ್ಡಿ ಅಂಗಡಿಗೆ ಬಂದು ಹೇಳಿದಳು. ಪ್ರಿನ್ಸಿಪಾಲರು ಒಳ್ಳೆಯ ಮನುಷ್ಯ. "ಪ್ರಶ್ನೆ ಎಲ್ಲಾ ಕೊನೇಲಿ ಅಂತ ಮೊದಲೇ ಹೇಳಿಬಿಡ್ತೀನಮ್ಮ. ಕೊನೆ ಬರೋ ಹೊತ್ತಿಗೆ ಬೆಲ್ ಹೊಡೀತಾರೆ" ಎಂದರಂತೆ.

ಅವತ್ತು ಕಡ್ಡಿಗೆ ರಜೆ ಸಿಗಲಿಲ್ಲ. ಮೆಟ್ಟಿಲು ಹತ್ತಿಸಲು ಭಾವನ ಜೊತೆ ನಾನು ಹೊರಟೆ. ಬಲಗೈ ಆಡದವರಿಗೆ ಗುಂಡಿ ಹಾಕಿಕೊಳ್ಳುವುದು ಕಷ್ಟವೆಂದು ಹೊಸ ಶರಟಿಗೆ ಒಳಗಡೆ ಟಿಚ್ ಬಟನ್ ಇಟ್ಟು, ಹೊರಗೆ ನೋಟಕ್ಕೆ ಮಾತ್ರ ಗುಂಡಿ ಹೊಲಿದಿದ್ದೆ. ಕಡ್ಡಿ ಅಪ್ಪನ ಕಾಲರು ಸರಿಮಾಡಿ ನನ್ನ ಕಡೆ ತಿರುಗಿ, "ಮಾಮ, ನಿನಗೇ ಹೇಳ್ತಿರೋದು. ನೀನು ಬಾಯಿ ಬಿಡಬೇಡ" ಎಂದಳು.

"ನಾನ್ಯಾಕೆ ಬಿಡ್ಲೇ? ನನಗೇನು ಅರ್ಥ ಆಗುತ್ತೆ ಅದು?" ಎಂದೆ.

ನಲವತ್ತನಾಲ್ಕು ಮೆಟ್ಟಿಲು. ಭಾವ ಒಂದೊಂದನ್ನೂ ಎಣಿಸಿಕೊಂಡು ಹತ್ತಿದರು. ತರಗತಿಯ ಹೊರಗೆ ನಿಂತಿದ್ದ ಹುಡುಗ ಹುಡುಗಿಯರಿಗೆ ನಾನು ಕಣ್ಣು ಕೆಂಪಗೆ ಮಾಡಿ, "ಯಾರಾದ್ರೂ ತುಟಿ ಎರಡು ಮಾಡಿದ್ರೆ ಹೊಲಿದುಬಿಡ್ತೀನಿ, ಸೂಜಿ ಜೇಬಲ್ಲೇ ಇದೆ" ಎಂದೆ. ನಕ್ಕರು. ಪಾಪ, ಅವರಿಗೆ ಹೇಳಬೇಕಾದದ್ದೇ ಇರಲಿಲ್ಲ. ನಲವತ್ತು ಜನ ಉಸಿರು ಬಿಗಿಹಿಡಿದು ಕೂತರು. ಕಿಟಕಿಯ ಪಕ್ಕ ಪ್ರಿನ್ಸಿಪಾಲರು, ಸಮಿತಿಯ ಅಧಿಕಾರಿ ಹೆಂಗಸು, ಫೈಲು ಹಿಡಿದ ಇನ್ನೊಬ್ಬರು. ನಾನು ಕೊನೆಯ ಬೆಂಚಿನಲ್ಲಿ.

"ಕೂತ್ಕೊಳ್ಳಿ" ಎಂದರು ಭಾವ. "ಬಾಗಿಲ ಹತ್ರ ಇರೋರು ಬಾಗಿಲು ಹಾಕಿ."

ಆ ನಲವತ್ತು ನಿಮಿಷವನ್ನು ನಾನು ಹೇಗೆ ವರ್ಣಿಸಲಿ? ಇಪ್ಪತ್ತಾರು ವರ್ಷ ಅವರ ಎದುರಿಗೇ ಬಟ್ಟೆ ಹೊಲಿದುಕೊಂಡು ಕೂತವನು ನಾನು, ಒಂದು ದಿನವಾದರೂ ಒಳಗೆ ಬಂದು ನೋಡಿರಲಿಲ್ಲ. ಕಾಲೆಳೆಯುತ್ತ ಹಲಗೆಯ ಈ ತುದಿಯಿಂದ ಆ ತುದಿಗೆ ಓಡಾಡಿದರು. ಎಡಗೈಯಲ್ಲಿ ಖಾನೆ ಬರೆದರು. ಗುಂಡಿಯ ಡಬ್ಬ ಕಲಸಿಟ್ಟುಕೊಂಡ ಒಬ್ಬ ದರ್ಜಿಯ ಜೋಕು ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ, ಆಮೇಲೆ ಅದು ನಾನೇ ಎಂದು ಹೊಳೆಯಿತು. ಮಗಳನ್ನು ಕೂಗಿದಾಗ ಫೈಲು ಹಿಡಿದವರು ಬೆಚ್ಚಿಬಿದ್ದರು. ಅಧಿಕಾರಿ ಹೆಂಗಸು ಬರೆಯುವುದನ್ನು ನಿಲ್ಲಿಸಿ ಸುಮ್ಮನೆ ಕೇಳತೊಡಗಿದ್ದಳು. ಮತ್ತು ನನಗೆ ಎಲ್ಲ ಅರ್ಥವಾಗುತ್ತಿತ್ತು! ನಂಬರಿನ ಖಾನೆ, ಚೀಟಿ, ಐದು ಸಾವಿರ ಹೆಜ್ಜೆ, ಒಂದೊಂದೂ. ಈ ಮನುಷ್ಯ ಇಷ್ಟು ವರ್ಷ ನನ್ನ ಅಂಗಡಿಗೆ ಬಂದು ಹೇಳಲು ಒದ್ದಾಡಿದ್ದು ಇದನ್ನಾ, ನಾನೆಂಥ ಕತ್ತೆ ಎಂದು ನಾಚಿಕೆಯಾಯಿತು, ಸಂತೋಷವೂ ಆಯಿತು.

ಕೊನೆಗೆ ಏಳು ಜನರನ್ನು ಎಬ್ಬಿಸಿ ಕೋಣೆಯ ಬೇರೆ ಬೇರೆ ಮೂಲೆಗೆ ಕಳಿಸಿದರು. ಪ್ರತಿಯೊಬ್ಬರ ಕೈಗೂ ಒಂದು ಚೀಟಿ, ಮುಂದಿನವರು ಎಲ್ಲಿದ್ದಾರೆ ಎಂದು. ಮೊದಲನೆಯವಳಿಂದ ಚೀಟಿ ಓದಿಸಿಕೊಂಡು ಎರಡನೆಯವನ ಹತ್ತಿರ, ಅಲ್ಲಿಂದ ಮೂರು, ನಾಲ್ಕು ಎಂದು ನಡೆದರು. ನಾಲ್ಕನೆಯವನ ಚೀಟಿ ಕಿತ್ತುಕೊಂಡು ಹರಿದು ಗಾಳಿಗೆ ತೂರಿದರು. "ಕೊಂಡಿ ಕಡಿದುಹೋಯ್ತು. ಈಗ ಐದು, ಆರು, ಏಳು ಏನಾದ್ರು?" ಎಂದು ಕೇಳಿ, ಮೇಜಿನ ಮೇಲಿನ ಲೋಟ ಎತ್ತಿಕೊಂಡರು.

ನಾನು ಮುಂದಕ್ಕೆ ಬಾಗಿ ಕೂತಿದ್ದೆ. ನಮ್ಮ ಕಸುಬಿನಲ್ಲಿ ಸರಪಳಿ ಹೊಲಿಗೆ ಎಂದಿದೆ. ಒಂದು ಕುಣಿಕೆ ಕಡಿದು ದಾರ ಎಳೆದರೆ ಸಾಕು, ಮುಂದಿನದೆಲ್ಲ ಸರ್ರನೆ ಬಿಚ್ಚಿಕೊಂಡು ಹೋಗುತ್ತದೆ, ಒಂದೂ ಉಳಿಯುವುದಿಲ್ಲ. ಇಲ್ಲಿಯೂ ಹಾಗೆಯೇ? ಆ ಮೂರು ಜನ ಇನ್ನೂ ಮೂಲೆಯಲ್ಲಿ ನಿಂತೇ ಇದ್ದಾರಲ್ಲ? ಭಾವ ನೀರು ಕುಡಿಯುತ್ತಿದ್ದರು.

"ಅವರೂ ಹೋದ್ರಾ ಭಾವ? ಇನ್ನೂ ಇದ್ದಾರಾ?"

ಅದು ನನ್ನ ದನಿ ಎಂದು ನನಗೆ ಗೊತ್ತಾದದ್ದು ನಲವತ್ತು ತಲೆಗಳು ಹಿಂದಕ್ಕೆ ತಿರುಗಿದ ಮೇಲೆ.

ಭಾವನ ಲೋಟ ತುಟಿಯ ಹತ್ತಿರವೇ ನಿಂತಿತು. ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಇರಲಿಲ್ಲ. ಕೊನೆಗೂ ಭಾವಮೈದುನ ಒಂದು ಪ್ರಶ್ನೆ ಕೇಳಿದನಲ್ಲ ಎಂಬ ಖುಷಿ ಕಣ್ಣಿನಲ್ಲಿ ಬಂತು. ಉತ್ತರ ಹೇಳಲು ಬಾಯಿ ತೆರೆದರು. "ಅ..." ಎಂದರು. "ಅ... ಅ..." ಖುಷಿ ಹಾಗೇ ಕರಗಿಹೋಗುವುದನ್ನು ನಾನು ನೋಡುತ್ತ ಕೂತೆ. ಅಧಿಕಾರಿ ಹೆಂಗಸು ಪೆನ್ನು ಎತ್ತಿಕೊಂಡಳು. ಭಾವ ಲೋಟ ಕೆಳಗಿಟ್ಟು, ಹಲಗೆಯ ಕಡೆ ತಿರುಗಿ, ಬರೆದದ್ದನ್ನೆಲ್ಲ ಒರೆಸಿ, ನಮ್ಮ ಕಡೆ ತಿರುಗಿದರು.

"ಕೂತ್ಕೊಳ್ಳಿ. ಬಾಗಿಲ ಹತ್ರ ಇರೋರು ಬಾಗಿಲು ಹಾಕಿ."

ಮೂಲೆಗಳಲ್ಲಿ ನಿಂತಿದ್ದ ಏಳು ಜನ ಮುಖ ಮುಖ ನೋಡಿಕೊಂಡು ಹೋಗಿ ಕೂತರು. ಬಾಗಿಲು ಮುಚ್ಚಿಯೇ ಇತ್ತು. ಅದರ ಪಕ್ಕದಲ್ಲಿ ಕೂತಿದ್ದ ಹುಡುಗಿ ಎದ್ದು ಅದನ್ನು ತೆರೆದು ಮತ್ತೆ ಹಾಕಿದಳು. ಅವಳು ಎಲ್ಲೇ ಇರಲಿ, ಚೆನ್ನಾಗಿರಲಿ. ಆ ಮಕ್ಕಳು ಜೋಕು ಬಂದ ಕಡೆಯೆಲ್ಲ ಎರಡನೆಯ ಸಲವೂ ನಕ್ಕರು. ನಾನು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಿದ್ದೆ, ಇನ್ನು ಮುಚ್ಚಿ ಏನು ಪ್ರಯೋಜನ? ಭಾವ ನಂಬರಿನ ಖಾನೆ ಬರೆಯುತ್ತಿರುವಾಗ ಬೆಲ್ ಹೊಡೆಯಿತು. ಸಮಿತಿಯವರು ಸದ್ದು ಮಾಡದೆ ಎದ್ದು ಹೋದರು. ಪ್ರಿನ್ಸಿಪಾಲರು ಹತ್ತಿರ ಹೋಗಿ, "ಸಾಕು ಸರ್, ತುಂಬಾ ಚೆನ್ನಾಗಿತ್ತು" ಎಂದು ಹೆಗಲ ಮೇಲೆ ಕೈ ಇಟ್ಟರು. ಅವರು ಮಾತಾಡಿದ್ದೇ ತಡ, ಭಾವ ಮತ್ತೆ ಹಲಗೆ ಒರೆಸಿದರು.

ಅವತ್ತು ಅವರು ಕೂತ್ಕೊಳ್ಳಿ ಎಂದದ್ದು ಮೂರು ಸಲ. ಮೂರನೆಯ ಸಲ ನಾನು ಹೋಗಿ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಮೆಟ್ಟಿಲು ಇಳಿಯುವಾಗ ಎಣಿಸಲಿಲ್ಲ.

ಸಂಜೆ ಕಡ್ಡಿ ಚಪ್ಪಲಿ ಕೂಡ ಬಿಡದೆ ಓಡಿಬಂದು, "ಏನಾಯ್ತು ಮಾಮ?" ಎಂದಳು.

"ಒಬ್ಬ ಪ್ರಶ್ನೆ ಕೇಳಿಬಿಟ್ಟ."

"ಯಾರವನು ಮನೆಹಾಳ?"

"ನಾನೇ ಕಣೇ."

ಅವಳು ನನ್ನನ್ನು ಬೈಯಲಿಲ್ಲ. ಒಂದು ತಿಂಗಳು ಮಾತೇ ಆಡಲಿಲ್ಲ. ಅಕ್ಕ ಬೈದಳು, ಹೊಟ್ಟೆ ತುಂಬ ಬೈದಳು, ಅದರಿಂದ ಸ್ವಲ್ಪ ಹಗುರವಾಯಿತು. ಭಾವನ ಮುಂದೆ ಕೂತು, "ನೀವೂ ಬೈದುಬಿಡಿ ಭಾವ, ಕೆನ್ನೆಗೆ ಎರಡು ಬಾರಿಸಿ" ಎಂದು ಗೋಗರೆದೆ. ಅವರು ತುಟಿ ಅಲ್ಲಾಡಿಸಿದರು. ನನ್ನ ಬೈಗುಳ ಯಾವ ಸಾಲಿನಲ್ಲೂ ಇರಲಿಲ್ಲ. ನನ್ನ ಶರಟಿನ ಬಿಚ್ಚಿದ ಗುಂಡಿಯನ್ನು ಎಡಗೈಯಲ್ಲಿ ಹಾಕಲು ನೋಡಿದರು, ಅದೂ ಆಗಲಿಲ್ಲ.

ಬಿಡುಗಡೆಯ ಆದೇಶ ಬಂತು. ಮುಂದಿನ ಭಾನುವಾರ ಸಂಜೆ ಆರಕ್ಕೆ ಭಾವ ಯಾರೂ ಹೇಳದೆಯೇ ಹಜಾರದಲ್ಲಿ ಗೋಡೆಯ ಕಡೆ ಎದ್ದು ನಿಂತು ಪಾಠ ಶುರುಮಾಡಿದರು. ನಾನು ನೆಲದ ಮೇಲೆ ಕೂತು ಹಲ್ಲು ಕಚ್ಚಿಕೊಂಡು ಕೇಳಿದೆ. ಇಲ್ಲದ ಏಳು ಜನರನ್ನು ಮೂಲೆಗೆ ಕಳಿಸಿದರು, ಇಲ್ಲದ ಚೀಟಿ ಹರಿದರು, ನೀರು ಕುಡಿದರು. ಆಮೇಲೆ ಹೇಳಿದರು: "ಎಲ್ಲಿಗೂ ಹೋಗಿಲ್ಲ. ಇದ್ದಲ್ಲೇ ಇದ್ದಾರೆ, ಇದ್ದ ಹಾಗೇ ಇದ್ದಾರೆ. ಅವರ ಹತ್ರ ಹೋಗೋ ದಾರಿ ಮಾತ್ರ ಹೋಗಿದೆ." ಅಷ್ಟೇ. ನಾನು ಕೇಳಿದ್ದಕ್ಕೆ ಉತ್ತರ ಪಾಠದಲ್ಲೇ ಇತ್ತು, ಒಂದು ಲೋಟ ನೀರಿನ ಆಚೆಗೆ. ಅಷ್ಟು ಹೊತ್ತು ತಾಳಲಾರದೆ ಹೋದೆ.

ಈಗ ದಿನಾ ಸಂಜೆ ಪಾಠವಿದೆ. ಅಂಗಡಿಯನ್ನು ಐದೂವರೆಗೇ ಮುಚ್ಚಿ ನಾನೂ ಹೋಗುತ್ತೇನೆ. ಬಾಗಿಲು ಹಾಕುವುದು ಅಕ್ಕನ ಕೆಲಸ. ಕಡ್ಡಿ ಕೆಲಸದಿಂದ ಬಂದವಳು ಬ್ಯಾಗು ಕೂಡ ಕೆಳಗಿಡದೆ ನನ್ನ ಪಕ್ಕ ಕೂರುತ್ತಾಳೆ. ಮೂವತ್ತೊಂದನೆಯ ನಿಮಿಷ ಹತ್ತಿರ ಬಂದಾಗ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಾಳೆ. ಅಪ್ಪನ ಬಾಯಲ್ಲಿ ಅವಳ ಹೆಸರು ಬರುವುದು ದಿನಕ್ಕೆ ಅದೊಂದೇ ಸಲ, ಅದೂ ಅಷ್ಟು ದೂರ ನಡೆದು ಬಂದ ಮೇಲೆ.

ನಿನ್ನೆಯೂ ಕತ್ತು ಎತ್ತಿ ಕೂಗಿದರು: "ಕಡ್ಡೀ!"

ಕೂಗಿದ ಮೇಲೆ ಎರಡು ಉಸಿರು ನಿಲ್ಲುತ್ತಾರೆ ಎಂದು ನೋಟ್ಸಿನಲ್ಲಿದೆ. ಓಗೊಟ್ಟರೆ ಮತ್ತೆ ಮೊದಲಿಂದ. ಆ ಎರಡು ಉಸಿರಿನ ಹೊತ್ತು ಭಾವ ಅವಳನ್ನೇ ನೋಡುತ್ತ ಕಾಯುತ್ತಾರೆ. ಅವಳ ಉಗುರು ನನ್ನ ಮಣಿಕಟ್ಟಿಗೆ ನಾಟುತ್ತದೆ. ಅವಳು ತುಟಿ ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಸುಮ್ಮನೆ ಕೂತಿರುತ್ತಾಳೆ. ಆಮೇಲೆ ಭಾವ ನಮ್ಮೆಲ್ಲರ ಕಡೆ ತಿರುಗಿ ಹೆಮ್ಮೆಯಿಂದ ಮುಂದಿನ ಸಾಲು ಹೇಳುತ್ತಾರೆ:

"ಮನೇಲಾಗಿದ್ರೆ ಇಷ್ಟೊತ್ತಿಗೆ 'ಆಂ, ಅಪ್ಪಾ' ಅಂದಿರೋಳು."